ಮೂರಡಿ ಸಂದಿಯ ಮನೆಗಳಲ್ಲಿ ನೆಮ್ಮದಿಯ ಮಲಗುವ ಕೋಣೆ

ಬೆಂಗಳೂರಿನ ಗಂಗಾನಗರದಲ್ಲಿ ಬಾಡಿಗೆಗೋ ಭೋಗ್ಯಕ್ಕೋ ಮನೆ ನೋಡಲು ಹೋದವರು ಕಾವೇರಿ ನೀರು ಬರುತ್ತದೆಯೇ, ಗಾಡಿ ನಿಲ್ಲಿಸಲು ಜಾಗವಿದೆಯೇ, ಅಡ್ವಾನ್ಸ್ ಎಷ್ಟು ಎಂದು ವಿಚಾರಿಸುತ್ತಾರೆ. ದೇವರಮನೆ ಯಾವ ಮೂಲೆಗಿದೆ ಎಂದು ಇಣುಕುತ್ತಾರೆ. ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಏನಿದೆ ಎಂದು ಕೇಳುವವರು ಅಪರೂಪ. ಮೊದಲ ಬೇಸಿಗೆ ಬರುವಷ್ಟರಲ್ಲಿ ಅದರ ಉತ್ತರ ತಾನಾಗಿಯೇ ಸಿಗುತ್ತದೆ. ಕಿಟಕಿ ತೆರೆದರೆ ಮೂರಡಿ ಆಚೆ ಪಕ್ಕದ ಮನೆಯ ಅಡುಗೆಮನೆ, ಅವರ ಮಿಕ್ಸಿ, ಅವರ ಟಿ.ವಿ., ಸಂಜೆಯಾದರೆ ಸೊಳ್ಳೆ. ಮುಚ್ಚಿದರೆ ಸೆಖೆ.

ಬಳ್ಳಾರಿ ರಸ್ತೆಯ ಪೂರ್ವಕ್ಕೆ, ಮೇಖ್ರಿ ವೃತ್ತಕ್ಕೂ ಹೆಬ್ಬಾಳಕ್ಕೂ ನಡುವೆ ಇರುವ ಈ ಬಡಾವಣೆಯಲ್ಲಿ, ಪಕ್ಕದ ಆರ್.ಟಿ. ನಗರದಲ್ಲಿ ಇರುವ ಹಾಗೆಯೇ, ಮೂವತ್ತು ನಲವತ್ತರ ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತು ಎದ್ದಿವೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಗೆ ರಾತ್ರಿಯ ಬಿಡುವೂ ಹೋಯಿತು. ಇಂಥ ಕಡೆ ಮಲಗುವ ಕೋಣೆಯನ್ನು ಹಸನು ಮಾಡಬೇಕೆಂದರೆ ಬಹಳ ಜನ ನೇರ ಅಂಗಡಿಗೆ ಹೋಗಿ ದುಬಾರಿ ಹಾಸಿಗೆ, ದೊಡ್ಡ ಮಂಚ, ಬಣ್ಣದ ದೀಪಗಳನ್ನು ತರುತ್ತಾರೆ. ಆದರೆ ನಿದ್ದೆಯೂ ಆರೋಗ್ಯವೂ ಗಂಡ ಹೆಂಡಿರ ಏಕಾಂತವೂ ಹೆಚ್ಚಾಗಿ ನಿಂತಿರುವುದು ಕೋಣೆಯ ಕಿಟಕಿ, ಗೋಡೆ, ಬಾಗಿಲುಗಳ ಮೇಲೆ. ಅವು ಏನನ್ನು ಒಳಗೆ ಬಿಡುತ್ತವೆ, ಏನನ್ನು ತಡೆಯುತ್ತವೆ ಎಂಬುದನ್ನು ಮೊದಲು ಸರಿಪಡಿಸಿ. ಸಾಮಾನು ಆಮೇಲೆ.

ಬಿಸಿಲಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ರಾತ್ರಿ ತಂಪು ಎಂಬ ಹೆಸರು ಇನ್ನೂ ಉಳಿದಿದೆ. ಆದರೆ 2016ರ ಏಪ್ರಿಲ್ 24ರಂದು ನಗರದ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೊರಗೆ ಗಾಳಿ ತಂಪಾದ ಮೇಲೂ ಕೋಣೆ ಕಾದಿರುವುದಕ್ಕೆ ಕಾರಣ ಗೋಡೆ ಮತ್ತು ಮೋಲ್ಡು. ಆರಿಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆಯೂ ಕಾಂಕ್ರೀಟ್ ತಾರಸಿಯೂ ಹಗಲು ಕುಡಿದ ಬಿಸಿಯನ್ನು ಗಂಟೆಗಟ್ಟಲೆ ತಡೆದು, ನಾವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತವೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ಸುತ್ತಲ ಗೋಡೆಯೇ ಬಿಸಿಯಾಗಿದ್ದರೆ ಆ ಇಳಿತ ತಡವಾಗುತ್ತದೆ.

ಇಲ್ಲಿ ವಾಸ್ತುವಿನ ಮಾತು ಬರುತ್ತದೆ. ಯಜಮಾನನ ಕೋಣೆ ನೈಋತ್ಯದಲ್ಲಿರಬೇಕು ಎಂಬುದು ನಮ್ಮ ಕಡೆ ಮೇಸ್ತ್ರಿಗೂ ಬಾಯಿಪಾಠ. ಆದರೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲು ಹೆಚ್ಚು ಬೀಳುವುದೂ ಅದೇ ಮೂಲೆಗೆ. ಪಡುವಣ ಗೋಡೆಗೆ ವರ್ಷವಿಡೀ ಇಳಿಬಿಸಿಲು. ತೆಂಕಣ ಗೋಡೆಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲು. ಕೋಣೆ ಬದಲಿಸಬೇಕಿಲ್ಲ, ಗೋಡೆಗೆ ನೆರಳು ಮಾಡಿದರೆ ಸಾಕು. ಎರಡಡಿಯ ಸಜ್ಜಾ ನೆತ್ತಿಯ ಸೂರ್ಯನನ್ನು ತಡೆಯಬಲ್ಲದು, ನಾಲ್ಕು ಗಂಟೆಯ ಓರೆ ಬಿಸಿಲನ್ನು ತಡೆಯದು. ಅದಕ್ಕೆ ಕಿಟಕಿಯ ಹೊರಗೆ ಇಳಿಬಿಡುವ ಬಿದಿರಿನ ಪರದೆ, ಲಾವಂಚದ ತಟ್ಟಿ, ಜಾಲರಿಗೆ ಹಬ್ಬಿಸಿದ ಬಳ್ಳಿ ಬೇಕು. ಒಳಗಿನ ಕರ್ಟನ್ ಬೆಳಕನ್ನು ತಡೆದರೂ ಬಿಸಿ ಆಗಲೇ ಗಾಜು ದಾಟಿರುತ್ತದೆ.

ಮೇಲಂತಸ್ತಿನವರಿಗೆ ತಾರಸಿಯೇ ದೊಡ್ಡ ಶತ್ರು. ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿ ಬಣ್ಣವನ್ನು ಬೇಸಿಗೆಗೆ ಮುಂಚೆ ಎರಡು ಕೋಟ್ ಬಳಿಸಿ. ಇಲ್ಲವೇ ಒಡೆದ ಬಿಳಿ ಟೈಲ್ಸ್ ಚೂರು ಹಾಕಿಸಿ. ಮಲಗುವ ಕೋಣೆಯ ನೆತ್ತಿಯ ಮೇಲೆ ಸೋಲಾರ್ ಫಲಕವೋ ಗಿಡದ ಕುಂಡಗಳೋ ಬಂದರೆ ಅಷ್ಟು ನೆರಳು. ಸಂಜೆ ತಾರಸಿಗೆ ನೀರು ಚಿಮುಕಿಸುವ ಹಳೆಯ ರೂಢಿಯಿಂದ ತಂಪೇನೋ ಆಗುತ್ತದೆ, ಆದರೆ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ಬಣ್ಣವೇ ಮೇಲು.

ತಲೆ ಯಾವ ದಿಕ್ಕಿಗೆ? ದಿಕ್ಕಿನಿಂದ ನಿದ್ದೆ ಕೂಡುತ್ತದೆ, ಕೆಡುತ್ತದೆ ಎನ್ನಲು ಗಟ್ಟಿ ವೈಜ್ಞಾನಿಕ ಆಧಾರವಿಲ್ಲ. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗಿದೆವಲ್ಲ ಎಂಬ ಅಳುಕು ಮನೆಯಲ್ಲಿ ಯಾರಿಗಾದರೂ ಇದ್ದರೆ ಆ ಅಳುಕೇ ನಿದ್ದೆಗೇಡು. ಮಂಚ ತಿರುಗಿಸುವುದಕ್ಕೆ ಖರ್ಚಿಲ್ಲ, ತಿರುಗಿಸಿಬಿಡಿ.

ಗಾಳಿ ಒಳಗೆ ಬರಲು ಹೊರಗೆ ಹೋಗಬೇಕು

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ನೆಲ, 2.4 ಮೀಟರ್ ಅಗಲ, 2.75 ಮೀಟರ್ ಎತ್ತರ ಬೇಕು. ಗಾಳಿಯ ಕಿಂಡಿಗಳು ನೆಲದ ವಿಸ್ತೀರ್ಣದ ಹತ್ತನೇ ಒಂದರಿಂದ ಆರನೇ ಒಂದು ಭಾಗದಷ್ಟು ಇರಬೇಕು, ಸೆಖೆ ಹೆಚ್ಚಿದ್ದಷ್ಟೂ ದೊಡ್ಡ ಕಿಂಡಿ. ನಮ್ಮ ಮಾಮೂಲಿ ಹತ್ತು ಹನ್ನೊಂದಡಿಯ ಕೋಣೆಗೆ ಅದು 11ರಿಂದ 18 ಚದರ ಅಡಿ. ನಾಲ್ಕು ನಾಲ್ಕರ ಕಿಟಕಿ ಇದ್ದರೆ 16 ಚದರ ಅಡಿ ಆಯಿತಲ್ಲ ಎನ್ನಬೇಡಿ. ಅದು ಸರಿಸುವ ಕಿಟಕಿಯಾದರೆ ಒಂದು ಸಲಕ್ಕೆ ತೆರೆಯುವುದು ಅರ್ಧವೇ, ಎಂಟು ಚದರ ಅಡಿ. ಕಿಟಕಿ ಮಾಡಿಸುವವರು ಮಲಗುವ ಕೋಣೆಗೆ ಕದದಂತೆ ಪೂರ್ತಿ ತೆರೆಯುವ ರೆಕ್ಕೆಯ ಕಿಟಕಿಯನ್ನೇ ಕೇಳಿ ಹಾಕಿಸಿಕೊಳ್ಳಿ. ಮುಚ್ಚಿದಾಗ ಸದ್ದು ತಡೆಯುವುದರಲ್ಲೂ ಅದೇ ಮೇಲು.

ಒಂದೇ ಕಿಟಕಿಯಿಂದ ಗಾಳಿ ಆಡುವುದಿಲ್ಲ. ಮುಂಗಾರಿನಲ್ಲಿ ಬೆಂಗಳೂರಿಗೆ ಗಾಳಿ ಬೀಸುವುದು ಪಶ್ಚಿಮ, ನೈಋತ್ಯಗಳಿಂದ. ಚಳಿಗಾಲದಲ್ಲಿ ಮೂಡಣದಿಂದ. ಆದರೆ ಮೂರಡಿ ಸಂದಿಗೆ ತೆರೆದ ಕಿಟಕಿಗೆ ಯಾವ ದಿಕ್ಕೂ ಒಂದೇ. ಅಲ್ಲಿ ಕೆಲಸ ಮಾಡುವುದು ಬಿಸಿ ಗಾಳಿ ಮೇಲೇರುತ್ತದೆ ಎಂಬ ಸರಳ ಸಂಗತಿ. ಹಳೆಯ ಮನೆಗಳಲ್ಲಿ ಸೂರಿನ ಹತ್ತಿರ, ಬಾಗಿಲ ಮೇಲೆ, ಗವಾಕ್ಷಿ ಇರುತ್ತಿದ್ದದ್ದು ಅದಕ್ಕೇ. ಅಂಥದ್ದು ಇದ್ದರೆ ಫಾಲ್ಸ್ ಸೀಲಿಂಗ್ ಹಾಕಿಸಿ ಮುಚ್ಚಬೇಡಿ. ಇಲ್ಲವಾದರೆ ಕೋಣೆಗೆ ಸೇರಿದ ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನನ್ನು ಮಲಗುವ ಮುಂಚೆ ಅರ್ಧ ಗಂಟೆ ಓಡಿಸಿ, ಎದುರಿನ ಕಿಟಕಿ ತೆರೆದಿಡಿ. ದಿನದ ಬಿಸಿ ಹೊರಗೆ ಹೋಗುತ್ತದೆ, ಸಂಜೆಯ ತಂಪು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹತ್ತು ಗಂಟೆಯಿಂದ ಸಂಜೆ ಆರರವರೆಗೆ ಕಿಟಕಿ ಮುಚ್ಚಿ ಪರದೆ ಇಳಿಸಿ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದಾಗ ಮಾತ್ರ ತೆರೆಯಿರಿ.

ಇಬ್ಬರು ಮಲಗಿದ ಕೋಣೆಯ ಬಾಗಿಲು ಕಿಟಕಿ ಎರಡೂ ಮುಚ್ಚಿದ್ದರೆ, ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420ರಷ್ಟಿರುವ ಇಂಗಾಲದ ಡೈಆಕ್ಸೈಡ್ ಬೆಳಗಾಗುವಷ್ಟರಲ್ಲಿ 2000 ದಾಟುವುದು ಸಾಮಾನ್ಯ. ಅದರಿಂದ ಅಪಾಯವಿಲ್ಲ, ಆದರೆ ಎದ್ದಾಗ ತಲೆ ಭಾರ. ಎ.ಸಿ. ಇರುವ ಕೋಣೆಗಳಲ್ಲಿ ಇದು ಹೆಚ್ಚು, ಏಕೆಂದರೆ ಮಾಮೂಲಿ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಟೈಮರ್ ಇಟ್ಟು ಮಧ್ಯರಾತ್ರಿ ನಿಲ್ಲಿಸಿ, ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವಿದೆ. ಫ್ಯಾನ್ ಜೊತೆಗಿದ್ದರೆ 26 ಕೂಡ ಸಾಕು. ಬೆಂಗಳೂರಿನ ಬಹುಪಾಲು ರಾತ್ರಿಗಳಿಗೆ ಫ್ಯಾನೊಂದೇ ಸಾಲುತ್ತದೆ. ಹಳೆಯ 75 ವಾಟ್‌ನ ಫ್ಯಾನ್ ಬದಲು 30 ವಾಟ್‌ನ ಬಿ.ಎಲ್.ಡಿ.ಸಿ. ಫ್ಯಾನ್ ಹಾಕಿದರೆ ರಾತ್ರಿಗೆ ಎಂಟು ಗಂಟೆಯಂತೆ ವರ್ಷಕ್ಕೆ ಸುಮಾರು 130 ಯೂನಿಟ್ ಉಳಿತಾಯ. ಅದು ಕಡಿಮೆ ವೇಗದಲ್ಲಿ ಗುಂಯ್‌ಗುಡದೆ ತಿರುಗುತ್ತದೆ ಎಂಬುದು ಮಲಗುವವರಿಗೆ ಇನ್ನೂ ದೊಡ್ಡ ಲಾಭ.

ಸದ್ದು: ಗಾಜಿಗಿಂತ ಸಂದಿ ಮುಖ್ಯ

ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿದ್ದೆ ಕೆಡದಿರಲು ಕೋಣೆಯೊಳಗೆ 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ತುಸು ತೆರೆದ ಕಿಟಕಿ 15 ಡೆಸಿಬೆಲ್‌ನಷ್ಟು ತಡೆಯುತ್ತದೆ. ಹಾಗಾಗಿ ಬೀದಿ 45ರಲ್ಲಿದ್ದರೆ ಕಿಟಕಿ ತೆರೆದೇ ಮಲಗಬಹುದು. ಬಳ್ಳಾರಿ ರಸ್ತೆಯಂಥ ಹೆದ್ದಾರಿಗೆ ಹತ್ತಿರವಿರುವವರಿಗೆ ಆ ಭಾಗ್ಯವಿಲ್ಲ.

ಅವರು ಮೊದಲು ಮಾಡಬೇಕಾದ್ದು ದಪ್ಪ ಗಾಜು ಹಾಕಿಸುವುದಲ್ಲ, ಸಂದಿ ಮುಚ್ಚುವುದು. ಗಾಳಿ ನುಗ್ಗುವ ಕಡೆಯಲ್ಲೆಲ್ಲ ಸದ್ದೂ ನುಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಬ್ಬರ್ ಪಟ್ಟಿಯನ್ನು ಕಿಟಕಿಯ ಅಂಚಿಗೆ ಅಂಟಿಸಿ. ಬಾಗಿಲ ಕೆಳಗಿನ ಸಂದಿಗೆ ಡೋರ್ ಸೀಲ್ ಹಾಕಿ. ಇಷ್ಟಾದರೂ ಸಾಲದಿದ್ದರೆ ಎರಡು ಪದರದ ಗಾಜಿನ ಕಿಟಕಿಗೆ ಖರ್ಚು ಮಾಡಿ, ಅದೂ ರಸ್ತೆಯ ಕಡೆಯದಕ್ಕೆ ಮಾತ್ರ. ಪಕ್ಕದ ಕೋಣೆಯ ಟಿ.ವಿ. ಕೇಳಿಸುವ ಗೋಡೆಗೆ ಬಟ್ಟೆ ತುಂಬಿದ ಬೀರುವನ್ನು ಒತ್ತಿ ನಿಲ್ಲಿಸಿ. ಮಂಚದ ತಲೆ ರಸ್ತೆಯ ಗೋಡೆಗಾಗಲಿ, ಮಹಡಿ ಮೆಟ್ಟಿಲ ಗೋಡೆಗಾಗಲಿ, ನೀರಿನ ಮೋಟಾರು ಇರುವ ಕಡೆಗಾಗಲಿ ಬೇಡ.

ಕಿಟಕಿ ಮುಚ್ಚಿದರೆ ಗಾಳಿ ಬೇರೆ ದಾರಿಯಲ್ಲಿ ಬರಬೇಕು. ರಸ್ತೆಯ ಕಡೆ ಮುಚ್ಚಿ, ಹಿಂದಿನ ಕಡೆಯದನ್ನೋ ಹಾಲ್‌ಗೆ ತೆರೆದ ಗವಾಕ್ಷಿಯನ್ನೋ ತೆರೆದಿಡುವುದು ಉಪಾಯ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸುವುದು ನಿಯಮಕ್ಕೆ ವಿರುದ್ಧ. ತೀರಾ ಹೆಚ್ಚಾದರೆ 112ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಬೆಳಕು: ರಾತ್ರಿ ಕತ್ತಲೆ, ಬೆಳಗ್ಗೆ ಬಿಸಿಲು

ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಎಂದು ಹಣ್ಣುನೊಣಗಳ ಮೂಲಕ ತೋರಿಸಿದ್ದಕ್ಕೆ 2017ರ ವೈದ್ಯಕೀಯ ನೊಬೆಲ್ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ಸಿಕ್ಕಿತು. ಅದೇ ನೊಣಗಳ ದಿನಚರಿಯನ್ನು ಇದೇ ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಅಧ್ಯಯನ ಮಾಡುತ್ತ ಬಂದಿದ್ದಾರೆ. ನಮಗೆ ಬೇಕಾದ ಸಾರ ಇಷ್ಟು: ಕಣ್ಣಿನೊಳಗೆ ನೋಡುವುದಕ್ಕಲ್ಲದೆ ಹೊತ್ತು ತಿಳಿಯುವುದಕ್ಕೆಂದೇ ಕೆಲವು ಕೋಶಗಳಿವೆ. ನೀಲಿ ಬೆರೆತ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಅಂಥ ಬೆಳಕು ಬಿದ್ದರೆ ಇನ್ನೂ ಹಗಲೆಂದೇ ಮಿದುಳು ತಿಳಿಯುತ್ತದೆ.

2022ರಲ್ಲಿ ಈ ಕ್ಷೇತ್ರದ ತಜ್ಞರು ಕೂಡಿ ಒಂದು ಅಳತೆ ಕೊಟ್ಟರು. ನೀಲಿಯ ಅಂಶವನ್ನು ಲೆಕ್ಕ ಹಿಡಿದು ಹೇಳುವ ಅಳತೆಯಲ್ಲಿ ಕಣ್ಣಿಗೆ ಹಗಲು ಕನಿಷ್ಠ 250 ಲಕ್ಸ್ ಬೀಳಲಿ, ಮಲಗುವ ಮುಂಚಿನ ಮೂರು ಗಂಟೆ 10ರ ಒಳಗಿರಲಿ, ಮಲಗಿದ ಮೇಲೆ 1ನ್ನು ಮೀರದಿರಲಿ. ಮಲಗುವ ಕೋಣೆಯ ಬಿಳಿ ಟ್ಯೂಬ್‌ಲೈಟ್ ಇದಕ್ಕೆ ಹೊಂದುವುದಿಲ್ಲ. ಕಸ ಗುಡಿಸಲು, ಬಟ್ಟೆ ಮಡಿಸಲು ಅದಿರಲಿ. ಎಂಟರ ಮೇಲೆ ಹಾಸಿಗೆಯ ಪಕ್ಕ ಒಂದು 2700 ಕೆಲ್ವಿನ್‌ನ ಹಳದಿ ದೀಪ, ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಸಾಕು. ಹಾಸಿಗೆಯಿಂದಲೇ ಕೈಗೆಟುಕುವ ಸ್ವಿಚ್ ಇರಲಿ. ಎದ್ದು ಹೋಗಿ ಆರಿಸಬೇಕಾದ ದೀಪ ತಡವಾಗಿಯೇ ಆರುತ್ತದೆ.

ಬೀದಿಯ ಹಳದಿ ದೀಪಗಳು ಹೋಗಿ ಬಿಳಿ ಎಲ್‌ಇಡಿ ಬಂದ ಮೇಲೆ ಕಿಟಕಿಯ ಕರ್ಟನ್‌ಗೆ ದಪ್ಪ ಅಸ್ತರಿ ಬೇಕೇ ಬೇಕು. ಕರ್ಟನ್ ರಾಡ್ ಕಿಟಕಿಗಿಂತ ಎರಡೂ ಕಡೆ ಆರಿಂಚು ಉದ್ದ ಇರಲಿ, ಅಂಚಿನಿಂದ ಬೆಳಕು ಸೋರದು. ಎರಡು ಪದರ ಹಾಕಿ: ಹಗಲಿಗೆ ತೆಳು ಬಟ್ಟೆ, ಪಕ್ಕದ ಮನೆಯ ಕಣ್ಣು ತಪ್ಪಿಸಲು. ರಾತ್ರಿಗೆ ದಪ್ಪದ್ದು. ಬೆಳಗ್ಗೆ ಎದ್ದ ಕೂಡಲೇ ಎರಡನ್ನೂ ಸರಿಸಿ. ಬೆಳಗಿನ ಬೆಳಕು ಬಿದ್ದಷ್ಟೂ ಆ ರಾತ್ರಿಯ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಮಾನ್ಯತಾ ಟೆಕ್ ಪಾರ್ಕಿನಲ್ಲೋ ವಿಮಾನ ನಿಲ್ದಾಣದಲ್ಲೋ ರಾತ್ರಿ ಪಾಳಿ ಮಾಡುವವರಿಗೆ ಮಾತ್ರ ಲೆಕ್ಕ ತಲೆಕೆಳಗು. ಅವರ ಕೋಣೆ ಹಗಲಿಗೇ ಕತ್ತಲಾಗಬೇಕು, ಕಣ್ಣಪಟ್ಟಿಯೂ ಬೇಕಾದೀತು, ಕಾಲಿಂಗ್ ಬೆಲ್‌ಗೆ ಬಿಡುವು ಕೊಡಬೇಕಾದೀತು.

ಮಂಚ, ಹಾಸಿಗೆ, ಓಡಾಡುವ ಜಾಗ

ಅಂಗಡಿಗೆ ಹೋಗುವ ಮುಂಚೆ ಅಳತೆ ಟೇಪು ಹಿಡಿಯಿರಿ. ಹತ್ತಡಿ ಅಗಲದ ಕೋಣೆಗೆ ಆರಡಿಯ ಕಿಂಗ್ ಮಂಚ ಹಾಕಿದರೆ ಎರಡೂ ಕಡೆ ಎರಡೆರಡು ಅಡಿ ಉಳಿಯುತ್ತದೆ. ಐದಡಿಯ ಕ್ವೀನ್ ಹಾಕಿದರೆ ಎರಡೂವರೆ. ಹನ್ನೊಂದಡಿ ಉದ್ದದಲ್ಲಿ ಮಂಚಕ್ಕೆ ಆರೂವರೆ, ಎದುರಿನ ವಾರ್ಡ್‌ರೋಬ್‌ಗೆ ಎರಡು ಹೋದರೆ ಓಡಾಡಲು ಎರಡೂವರೆ ಅಡಿ. ಅಲ್ಲಿ ವಾರ್ಡ್‌ರೋಬ್ ಬಾಗಿಲು ಸರಿಸುವಂಥದ್ದೇ ಆಗಬೇಕು. ಮಂಚವನ್ನು ಗೋಡೆಗೆ ಒತ್ತಿದರೆ ಜಾಗ ಉಳಿಯುತ್ತದೆ ನಿಜ, ಆದರೆ ಗೋಡೆಯ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು. ಇಬ್ಬರಿಗೂ ಅವರವರ ಕಡೆಯಿಂದ ಇಳಿಯುವ ದಾರಿ ಇರಲಿ.

ಬೆನ್ನುನೋವಿಗೆ ಹಲಗೆಯ ಮೇಲೆ ಮಲಗಿ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸ್ಪೇನ್‌ನ ಅಧ್ಯಯನದಲ್ಲಿ, ಬಹುಕಾಲದಿಂದ ಸೊಂಟನೋವಿದ್ದವರಿಗೆ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದು ಹಿತವಾಯಿತು. ಕೊಳ್ಳುವಾಗ ಮಗ್ಗುಲಾಗಿ ಮಲಗಿ ನೋಡಿ. ಭುಜ, ಸೊಂಟ ತುಸು ಇಳಿದು ಬೆನ್ನು ನೇರ ನಿಂತರೆ ಸರಿ. ಮೆಮೊರಿ ಫೋಮ್ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ಮೇಲಂತಸ್ತಿನ ಬಿಸಿ ಕೋಣೆಗೆ ತೆಂಗಿನ ನಾರು, ಲ್ಯಾಟೆಕ್ಸ್ ಅಥವಾ ಹತ್ತಿ ಹಾಸಿಗೆ ಮೇಲು. ಹತ್ತಿಯದಾದರೆ ಗಂಟು ಕಟ್ಟಿದಾಗ ಹಿಂಜಿಸಿ, ಬಿಸಿಲಿಗೆ ಹಾಕಿಸಿ. ಹೊದಿಕೆಗೆ ಹತ್ತಿಯ ಬಟ್ಟೆ, ಚಳಿಗೆ ಉತ್ತರ ಕರ್ನಾಟಕದ ಕೌದಿ: ಬೆಂಗಳೂರಿನ ಡಿಸೆಂಬರ್‌ಗೆ ಅದಕ್ಕಿಂತ ದಪ್ಪ ಬೇಕಿಲ್ಲ.

ದೂಳು, ಬೂಷ್ಟು, ಸೊಳ್ಳೆ

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಸಮೀಕ್ಷೆಗಳಲ್ಲಿ ಮಕ್ಕಳ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು. ಹೊರಗಿನ ಹೊಗೆ, ಕಾಂಗ್ರೆಸ್ ಗಿಡದ ಪರಾಗ ನಮ್ಮ ಕೈಯಲ್ಲಿಲ್ಲ. ಹಾಸಿಗೆಯಲ್ಲಿ ಬೆಳೆಯುವ ದೂಳುನುಸಿ ನಮ್ಮ ಕೈಯಲ್ಲಿದೆ. ವಾರಕ್ಕೊಮ್ಮೆ ಹಾಸು, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ನುಸಿ ಸಾಯುತ್ತದೆ. ಬಿಸಿನೀರಿನ ಅನುಕೂಲವಿಲ್ಲದವರು ತಾರಸಿಯ ಸುಡುಬಿಸಿಲಲ್ಲಿ ಹಾಸಿಗೆ, ದಿಂಬು ಒಣಗಿಸಿ ಬಡಿಯಿರಿ. ಎದ್ದ ತಕ್ಷಣ ಹಾಸಿಗೆ ಮುಚ್ಚಬೇಡಿ, ಮೈಯ ತೇವ ಆರಲು ಒಂದು ಗಂಟೆ ತೆರೆದಿಡಿ. ಅಟ್ಟದ ಮೇಲಿನ ಹಳೆ ಸೂಟ್‌ಕೇಸ್, ಮಂಚದ ಕೆಳಗಿನ ಪೆಟ್ಟಿಗೆ, ಹಳೆ ಪತ್ರಿಕೆಗಳ ಕಟ್ಟು ಬೇರೆಡೆ ಹೋಗಲಿ.

ಮಳೆಗಾಲದಲ್ಲಿ ಹೊರಗೋಡೆಗೆ ಒತ್ತಿದ ಬೀರುವಿನ ಹಿಂದೆ ಬೂಷ್ಟು ಬೆಳೆಯುತ್ತದೆ. ಎರಡಿಂಚು ಬಿಟ್ಟು ನಿಲ್ಲಿಸಿ. ಗೋಡೆ ಮತ್ತೆ ಮತ್ತೆ ತೇವವಾದರೆ ಬಣ್ಣ ಬಳಿದು ಮುಚ್ಚದೆ, ತಾರಸಿಯ ಬಿರುಕೋ ಬಚ್ಚಲಿನ ಪೈಪೋ ನೋಡಿಸಿ. ಒದ್ದೆ ಬಟ್ಟೆ ಕೋಣೆಯೊಳಗೆ ಒಣಗಿಸುವುದು ಬೇಡ.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹಾಗಾಗಿ ಮಧ್ಯಾಹ್ನ ಮಲಗುವ ಕೂಸಿಗೂ ಪಾಳಿ ಮುಗಿಸಿ ಬಂದವರಿಗೂ ಸೊಳ್ಳೆ ಪರದೆ ಬೇಕು. ಕಿಟಕಿಗೆ ವೆಲ್ಕ್ರೋ ಜಾಲರಿ ಹಾಕಿ, ತಿಂಗಳಿಗೊಮ್ಮೆ ತೊಳೆಯಿರಿ, ದೂಳು ಕಟ್ಟಿದ ಜಾಲರಿಯಲ್ಲಿ ಗಾಳಿ ಆಡದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಮಲಗಬೇಡಿ. ಒಂದು ಬತ್ತಿ ಉರಿದಾಗ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಊದುಬತ್ತಿ, ಸಾಂಬ್ರಾಣಿ ಹಾಕಿದರೂ ಹೊಗೆ ಹೋದ ಮೇಲೆ ಮಲಗಿ.

ಇಬ್ಬರ ಕೋಣೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಎಂಬ ಗ್ರಂಥದಲ್ಲಿ ಅರಸನ ಭೋಗಗಳನ್ನು ಹೇಳುವಾಗ ಶಯ್ಯೆಗೂ ಧೂಪಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಇಂದಿನ ಗೃಹಸ್ಥರು ಮಾತ್ರ ಮನೆಯ ನಕ್ಷೆ ಬರೆಸುವಾಗ ಪೂಜೆಯ ಕೋಣೆಯ ಬಗ್ಗೆ ಅರ್ಧ ಗಂಟೆ ಚರ್ಚಿಸಿ, ತಮ್ಮ ಏಕಾಂತದ ಬಗ್ಗೆ ಎಂಜಿನಿಯರ್ ಎದುರು ಬಾಯಿ ಬಿಡುವುದಿಲ್ಲ. ನಾಲ್ಕು ಸರಳ ಸಂಗತಿಗಳನ್ನು ಸಂಕೋಚವಿಲ್ಲದೆ ನೋಡಿಕೊಳ್ಳಿ.

ಒಂದು, ಚಿಲಕ. ಒಳಗಿನಿಂದ ಸದ್ದಿಲ್ಲದೆ ಬೀಳುವ, ಗಟ್ಟಿಯಾಗಿ ಕೂರುವ ಚಿಲಕ ಪ್ರತಿ ದಂಪತಿಯ ಹಕ್ಕು. ಬಾಗಿಲು ಮುಚ್ಚಿದ್ದರೆ ತಟ್ಟಿ ಕಾಯಬೇಕು ಎಂಬುದನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಿ. ಅತ್ತೆ ಮಾವ ಜೊತೆಗಿರುವ ಮನೆಯಲ್ಲಿ ಇದನ್ನು ಸೊಸೆ ಹೇಳಲಾರಳು, ಮಗನೇ ತನ್ನ ತಾಯಿಗೆ ಹೇಳಬೇಕು. ಎಲ್ಲರೂ ಬಳಸುವ ಬಟ್ಟೆ, ಇಸ್ತ್ರಿ ಮೇಜು, ಒಡವೆಯ ಬೀರು ಈ ಕೋಣೆಯಲ್ಲಿದ್ದರೆ ಬಾಗಿಲು ಮುಚ್ಚಲು ಆಗುವುದೇ ಇಲ್ಲ. ಅವನ್ನು ಹಾಲ್‌ಗೆ ಸಾಗಿಸಿ.

ಎರಡು, ಸದ್ದು. ಟೊಳ್ಳು ಫ್ಲಶ್ ಡೋರ್ ಬದಲು ಗಟ್ಟಿ ಹಲಗೆಯ ಬಾಗಿಲು ಹಾಕಿಸಿದರೆ ಒಳಗಿನ ಮಾತು ಒಳಗೇ ಉಳಿಯುತ್ತದೆ. ಮದುವೆಯಲ್ಲಿ ಕೊಟ್ಟ ಮಂಚ ಕಿರುಗುಡುತ್ತಿದ್ದರೆ ಹೊಸದು ಬೇಕಿಲ್ಲ. ಮೂಲೆಯ ಬೋಲ್ಟುಗಳನ್ನು ಬಿಗಿ ಮಾಡಿಸಿ, ಮರಕ್ಕೆ ಮರ ಉಜ್ಜುವ ಕಡೆ ರಬ್ಬರ್ ವಾಷರ್ ಇಡಿಸಿ, ಕಾಲಿಗೆ ಬುಷ್ ಹಾಕಿಸಿ, ತಲೆಹಲಗೆ ಗೋಡೆಗೆ ತಾಗದಂತೆ ಒಂದಿಂಚು ಬಿಡಿ. ಬಡಗಿಗೆ ಒಂದು ಗಂಟೆಯ ಕೆಲಸ.

ಮೂರು, ಮಗು. ತಾಯಿ ತಂದೆಯ ಜೊತೆ ಮಗು ಮಲಗುವುದು ನಮ್ಮಲ್ಲಿ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಗುವಿಗೆ ಕೋಣೆಯ ಇನ್ನೊಂದು ಬದಿಯಲ್ಲಿ ತನ್ನದೇ ಚಿಕ್ಕ ಹಾಸಿಗೆ ಇರಲಿ. ಅಜ್ಜಿಯ ಮಗ್ಗುಲು ಇಷ್ಟವಾದರೆ ಅಲ್ಲಿಯೂ ಮಲಗಲಿ.

ನಾಲ್ಕು, ಮೊಬೈಲ್. ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಮಿತಿಮೀರಿದ ಬಳಕೆಗೆಂದು 'ಷಟ್' ಕ್ಲಿನಿಕ್ ತೆರೆಯಬೇಕಾಯಿತು. ಚಾರ್ಜರನ್ನು ಹಾಲ್‌ನಲ್ಲಿಡಿ, ಎಬ್ಬಿಸಲು ಒಂದು ಅಲಾರಂ ಗಡಿಯಾರ ತನ್ನಿ. ಮಲಗುವ ಕೋಣೆಯಲ್ಲಿ ಟಿ.ವಿ., ಆಫೀಸಿನ ಲ್ಯಾಪ್‌ಟಾಪ್, ಬಿಲ್ಲುಗಳ ಫೈಲು ಬೇಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಸುಳ್ಳಾಗುವುದು ಇಬ್ಬರೂ ಮಲಗಿ ಬೇರೆ ಬೇರೆ ಪರದೆ ನೋಡುತ್ತಿರುವಾಗಲೇ.

ಒಬ್ಬರಿಗೆ ಸೆಖೆ, ಒಬ್ಬರಿಗೆ ಚಳಿ ಎಂದಾದರೆ ಒಂದು ಹಾಸಿಗೆ, ಎರಡು ಹೊದಿಕೆ. ಪಾಳಿಗಳು ಬೇರೆಯಾದರೆ, ಗೊರಕೆ ಜೋರಾದರೆ, ಕೆಲವು ದಿನ ಬೇರೆ ಕೋಣೆಯಲ್ಲಿ ಮಲಗುವುದು ಮುನಿಸಿನ ಗುರುತಲ್ಲ. ಇಬ್ಬರೂ ಒಪ್ಪಿದ್ದರೆ ಅದೂ ಒಂದು ಕಾಳಜಿಯೇ.

ಹಿರಿಯರ ಕೋಣೆ

ಕುಳಿತಾಗ ಪಾದ ನೆಲಕ್ಕೆ ಪೂರ್ತಿ ಊರುವಂತೆ ಮಂಚ, ಹಾಸಿಗೆ ಸೇರಿ 18ರಿಂದ 20 ಇಂಚು ಎತ್ತರವಿರಲಿ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಜಾರುವ ಕಾಲೊರಸು, ವಯರು, ಸ್ಟೂಲು ಬೇಡ. ನೆಲದ ಮಟ್ಟದಲ್ಲಿ ಒಂದು ಚಿಕ್ಕ ಹಳದಿ ದೀಪ, ಬಚ್ಚಲಲ್ಲಿ ಹಿಡಿಕೆ, ಒರಟು ಟೈಲ್ಸ್ ಇರಲಿ. ರಾತ್ರಿ ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವ ಖರ್ಚು ಇಷ್ಟೇ.

ಯಾವುದು ಮೊದಲು

ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಹೀಗೆ ಹೋಗಿ.

ಖರ್ಚಿಲ್ಲದ್ದು: ಮಂಚದ ಜಾಗ ಬದಲಿಸಿ, ಮಂಚದ ಕೆಳಗೆ ಖಾಲಿ ಮಾಡಿ, ಚಾರ್ಜರ್ ಹೊರಗಿಡಿ, ಕಿಟಕಿ ತೆರೆಯುವ ಮುಚ್ಚುವ ಹೊತ್ತು ಬದಲಿಸಿ.

ಕೆಲವು ನೂರು ರೂಪಾಯಿಯದ್ದು: ರಬ್ಬರ್ ಪಟ್ಟಿ, ಡೋರ್ ಸೀಲ್, ಹಳದಿ ಬಲ್ಬು, ಜಾಲರಿ, ಹೊಸ ಚಿಲಕ, ಮಂಚದ ಬೋಲ್ಟು. ಬಾಡಿಗೆದಾರರೂ ಇವನ್ನೆಲ್ಲ ಮಾಡಿಸಬಹುದು. ಗೋಡೆ ಕೊರೆಯುವ ಮುಂಚೆ ಮಾಲೀಕರನ್ನು ಕೇಳಿ, ಹಳೆಯ ಚಿಲಕವನ್ನು ಎತ್ತಿಟ್ಟುಕೊಳ್ಳಿ.

ಕೆಲವು ಸಾವಿರದ್ದು: ಅಸ್ತರಿಯ ಕರ್ಟನ್, ಹೊರಗಿನ ಬಿದಿರು ಪರದೆ, ಬಿ.ಎಲ್.ಡಿ.ಸಿ. ಫ್ಯಾನ್, ತಾರಸಿಗೆ ಬಿಳಿ ಬಣ್ಣ. ತಾರಸಿ ತಂಪಾದರೆ ಮಾಲೀಕರ ಕಟ್ಟಡಕ್ಕೂ ಲಾಭ, ಆ ಖರ್ಚನ್ನು ಹಂಚಿಕೊಳ್ಳಲು ಕೇಳುವುದರಲ್ಲಿ ತಪ್ಪಿಲ್ಲ.

ದೊಡ್ಡ ಖರ್ಚು: ಹಾಸಿಗೆ, ರೆಕ್ಕೆಯ ಕಿಟಕಿ, ಗಟ್ಟಿ ಬಾಗಿಲು, ಕೊನೆಗೆ ಎ.ಸಿ. ಮೇಲಿನದೆಲ್ಲ ಮಾಡಿದ ಮೇಲೆ ಎಷ್ಟೋ ಮನೆಗಳಿಗೆ ಎ.ಸಿ. ಬೇಕಾಗುವುದೇ ಇಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಕೋಣೆಯನ್ನು ಸರಿಪಡಿಸಿದರೆ ಸಂತೆ ಹೊರಗುಳಿಯುತ್ತದೆ, ಚಿಂತೆಗೂ ಕಾಯಿಲೆಗೂ ಬೇರೆ ಮದ್ದು ಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆದುಕೊಂಡರೆ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸಿದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು, ರಕ್ತದೊತ್ತಡಕ್ಕೂ ಹೃದಯಕ್ಕೂ ಕೆಟ್ಟದ್ದು. ವೈದ್ಯರ ಬಳಿ ಹೋಗಿ, ಜೊತೆಯಲ್ಲಿ ಮಲಗುವವರನ್ನೂ ಕರೆದೊಯ್ಯಿರಿ, ರಾತ್ರಿ ಏನಾಗುತ್ತದೆ ಎಂದು ಹೇಳಬಲ್ಲವರು ಅವರೇ. ವಾರಗಟ್ಟಲೆ ನಿದ್ದೆ ಬಾರದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.